ಗಟ್ಟಿ ಹಲ್ಲಿಗೆ ಗುರುತಿಲ್ಲ

ಹೆಸರು ಬರೆದು ಅದರ ಕೆಳಗೆ ಗೆರೆ ಎಳೆಯುವವರೆಗೆ ಎಲ್ಲ ಸರಿಯಾಗಿತ್ತು. ಸ್ಕೇಲಿಲ್ಲದೆ ಎಳೆದ ಗೆರೆ, ದಾರ ಹಿಡಿದು ಎಳೆದಷ್ಟು ನೇರ. ಈ ಕೈಗೆ ಇನ್ನೂ ಏನೂ ಆಗಿಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಮರುಗಳಿಗೆಯೇ, ಗೆರೆ ನೋಡಿ ಯಾರು ಕೆಲಸ ಕೊಡುತ್ತಾರೆ ಅನ್ನಿಸಿತು. ಗೆರೆಯ ಕೆಳಗಿನ ಕಾಗದವೆಲ್ಲ ಬೆಳ್ಳಗೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಬಾಯಿ ಬಿಟ್ಟವರನ್ನು ಕಂಡರೆ ಅವಳಿಗೆ ಯಾವತ್ತೂ ಹೆದರಿಕೆಯಿಲ್ಲ; ಪ್ರಾಯದಿಂದ ಇಲ್ಲಿಯವರೆಗೆ ಅದೇ ಕೆಲಸ. ಕುರ್ಚಿಯಲ್ಲಿ ಮಲಗಿದವರ ಹಲ್ಲಿನ ಸಂದಿಯಿಂದ ಕಿಟ್ಟ ಕೆರೆದು ತೆಗೆದು, ವಸಡಿನ ಆಳ ಅಳೆದು, ತಿಕ್ಕಿ ತೊಳೆದು, ಹೊಳಪು ಕೊಟ್ಟು ಕಳಿಸುವುದು. ಹಲ್ಲಿನ ಡಾಕ್ಟರ ಬಳಿಗೆ ಬರುತ್ತಿದ್ದವರು ಅವಳಿಗೆ ಹಲ್ಲಕ್ಕ ಎಂದೇ ಹೆಸರಿಟ್ಟಿದ್ದರು. ಆದರೆ ಕಾಗದದ್ದು ಬೇರೆಯೇ ಥರದ ಬಾಯಿ. ಇಣುಕಿದರೆ ಒಳಗೆ ಏನೂ ಕಾಣದು. ಕೆರೆಯೋಣವೆಂದರೆ ಕೊಕ್ಕೆಗೆ ಸಿಕ್ಕುವಂಥದ್ದೂ ಇಲ್ಲ.

ನಿನ್ನೆ ಫೋನಿನಲ್ಲಿ ಮಾತಾಡಿದ ಹೆಂಗಸಿನ ದನಿ ಇನ್ನೂ ಕಿವಿಯಲ್ಲಿತ್ತು. ಬಸ್ ನಿಲ್ದಾಣದ ಎದುರು ಹೊಸದಾಗಿ ತೆರೆದ ಗಾಜಿನ ಬಾಗಿಲಿನ ಹಲ್ಲಿನ ಆಸ್ಪತ್ರೆ. ಹೈಜೀನಿಸ್ಟ್ ಬೇಕಾಗಿದ್ದಾರೆ ಎಂಬ ಬೋರ್ಡು. ಅದರ ಮುಂದೆ ಸುಮ್ಮಸುಮ್ಮನೆ ಅತ್ತಿತ್ತ ಓಡಾಡಿ, ನಂಬರನ್ನು ಬಾಯಿಪಾಠ ಮಾಡಿಕೊಂಡು ಬಂದು ಮನೆಯಿಂದ ಫೋನು ಮಾಡಿದ್ದಳು. ಆ ಕಡೆಯ ಹೆಂಗಸು ಮೊದಲು ಕೇಳಿದ್ದೇ ವಯಸ್ಸು. ಹೇಳಿದ ಮೇಲೆ ಸ್ವಲ್ಪ ಹೊತ್ತು ಏನನ್ನೋ ಅಗಿಯುವ ಸದ್ದು ಮಾತ್ರ. ಒಂದೇ ದವಡೆಯಲ್ಲಿ ಅಗಿಯುತ್ತಿದ್ದಾಳೆ, ಇನ್ನೊಂದು ಕಡೆ ಏನೋ ನೋವಿದೆ ಎಂದು ಇವಳಿಗೆ ಅನ್ನಿಸಿತು, ಹೇಳಲಿಲ್ಲ. "ರೆಸ್ಯೂಮ್ ತಂದುಕೊಡಿ. ನಾಳೆ ಸಂಜೆಯೊಳಗೆ. ಒಂದೇ ಪುಟ ಇರ್ಲಿ, ನಮ್ಮ ಡಾಕ್ಟ್ರಿಗೆ ಎರಡನೇ ಪುಟ ತಿರುಗಿಸೋ ಅಭ್ಯಾಸ ಇಲ್ಲ," ಎಂದಳು ಆಕೆ. ರೆಸ್ಯೂಮ್. ಅವಳು ಜನ್ಮದಲ್ಲಿ ಅಂಥದ್ದೊಂದು ಬರೆದಿರಲಿಲ್ಲ. ಕೋರ್ಸು ಮುಗಿಸಿ ಸರ್ಟಿಫಿಕೇಟು ಹಿಡಿದು ಹಳೆಯ ಡಾಕ್ಟರ ಮುಂದೆ ನಿಂತಾಗ ಅವರು ಕಾಗದ ನೋಡಿರಲಿಲ್ಲ, "ಕೈ ಚಾಚಮ್ಮಾ" ಎಂದಿದ್ದರು. ಚಾಚಿದ ಕೈಯ ಮೇಲೆ ಒಂದು ಚಿಕ್ಕ ಬಾಯಿಕನ್ನಡಿ ಇಟ್ಟು, ಅದರಲ್ಲಿ ಕಿಟಕಿಯ ಬೆಳಕು ಅಲುಗದೆ ನಿಂತದ್ದನ್ನು ನೋಡಿ, "ಸೋಮವಾರ ಬಾ" ಎಂದಿದ್ದರು. ಅಷ್ಟೇ ಸಂದರ್ಶನ.

ಕೆಲಸ ಬೇಕು. ದುಡ್ಡಿಗೆ ಹೇಗೋ ಆಗುತ್ತಿತ್ತು, ಗಂಡನ ಸಂಬಳ ಬರುತ್ತಿತ್ತು. ಆದರೆ ಕೈ ಕೇಳುತ್ತಿರಲಿಲ್ಲ. ಕ್ಲಿನಿಕ್ ಮುಚ್ಚಿದಾಗ ಡಾಕ್ಟರು ಸ್ಕೇಲರುಗಳ ಡಬ್ಬಿಯನ್ನೇ ಅವಳಿಗೆ ಕೊಟ್ಟಿದ್ದರು, ಕಿಟ್ಟ ಕೆರೆಯುವ ಆ ಸಣ್ಣ ಕೊಕ್ಕೆಗಳನ್ನು. ಮನೆಯಲ್ಲಿ ಕೂತು ಕೂತು ಅವಳು ಅವುಗಳಿಂದ ಬಚ್ಚಲಿನ ನಲ್ಲಿಯ ಬಾಯಿಗೆ ಕಟ್ಟಿದ ಬಿಳಿ ಗಟ್ಟಿಯನ್ನು ಕೆರೆದು ತೆಗೆದಳು. ಆಮೇಲೆ ಕೆಟಲಿನ ಒಳಗಿನದು. ಆಮೇಲೆ ನೆರೆಮನೆಯವರ ನಲ್ಲಿ. "ಹೀಗೇ ಬಿಟ್ರೆ ನೀನು ಬೀದಿ ನಲ್ಲಿಗೂ ಕೈ ಹಾಕ್ತೀಯ," ಎಂದು ಗಂಡ ನಕ್ಕಿದ್ದ. ನಗೆಯಲ್ಲಿ ಕನಿಕರವಿತ್ತು, ಅದೇ ಅವಳಿಗೆ ಚುಚ್ಚಿದ್ದು. ಬಸ್ಸಿನಲ್ಲಿ ಯಾರಾದರೂ ಆಕಳಿಸಿದರೆ ಅವಳ ಕುತ್ತಿಗೆ ತಾನಾಗಿಯೇ ಮುಂದಕ್ಕೆ ಚಾಚುತ್ತಿತ್ತು. ಒಬ್ಬರು ಸಿಟ್ಟಿನಿಂದ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

ಅವಳು ಬರೆಯತೊಡಗಿದಳು. ಒಮ್ಮೆ ಶುರುವಾದ ಮೇಲೆ ಸಲೀಸಾಗಿ ಬಂತು. 'ಕಂಪ್ಯೂಟರ್ ಬರುವುದಿಲ್ಲ. ಹೊಸ ನಮೂನೆಯ ಎಕ್ಸ್-ರೇ ಯಂತ್ರ ಮುಟ್ಟಿಲ್ಲ. ಒಂದೇ ಕ್ಲಿನಿಕ್ಕಿನಲ್ಲಿ ಕೆಲಸ, ಬೇರೆ ಕಡೆಯ ಅನುಭವ ಇಲ್ಲ. ನಡುವೆ ಅತ್ತೆ ಹಾಸಿಗೆ ಹಿಡಿದಾಗ ಕೆಲಸಕ್ಕೆ ಬಿಡುವು ಕೊಟ್ಟದ್ದುಂಟು. ಈಗಲೂ ಕೆಲವು ತಿಂಗಳಿಂದ ಮನೆಯಲ್ಲೇ.' ಬರೆದದ್ದನ್ನು ಓದಿಕೊಂಡು ತೃಪ್ತಿಯಿಂದ ಪೆನ್ನಿನ ಮುಚ್ಚಳ ಹಾಕಿದಳು. ಒಂದು ಸುಳ್ಳಿಲ್ಲ, ಒಂದು ಹೆಚ್ಚಿನ ಮಾತಿಲ್ಲ. ಯಾರು ನೋಡಿದರೂ ಒಂದೇ ನೋಟಕ್ಕೆ ವಿಷಯ ತಿಳಿಯಬೇಕು, ಹಾಗಿದೆ.

ಕೆಳಗಿನ ಅಂಗಡಿಯಿಂದ ನಾದಿನಿ ಚಹಾಕ್ಕೆಂದು ಮೆಟ್ಟಿಲು ಹತ್ತಿ ಬಂದಳು. ಗಂಡನ ತಂಗಿ, ಮನೆಯ ಕೆಳಗೇ ಅವಳದೊಂದು ಜೆರಾಕ್ಸು ಮತ್ತು ಟೈಪಿಂಗಿನ ಅಂಗಡಿ. ಬೀದಿಯಲ್ಲಿ ಕೆಲಸ ಹುಡುಕುವವರಿಗೆಲ್ಲ ಅವಳೇ ಗತಿ. ಕಂಪ್ಯೂಟರಿನಲ್ಲಿ ಒಂದೇ ಅಚ್ಚು ಇಟ್ಟುಕೊಂಡಿದ್ದಳು. ವೆಲ್ಡರು, ನರ್ಸು, ಲೆಕ್ಕ ಬರೆಯುವವನು ಎಲ್ಲರೂ ಅದರಿಂದ 'ಕಠಿಣ ಪರಿಶ್ರಮಿ, ಉತ್ಸಾಹಿ, ತಂಡದೊಡನೆ ಬೆರೆಯುವ ಗುಣವುಳ್ಳವರು' ಆಗಿಯೇ ಹೊರಬೀಳುತ್ತಿದ್ದರು. ಅವಳು ಲೋಟ ಹಿಡಿದು ನಿಂತೇ ಕಾಗದ ಓದಿದಳು. ಓದುತ್ತ ಓದುತ್ತ ಹುಬ್ಬು ಮೇಲೆ ಹೋಯಿತು.

"ಅತ್ತಿಗೆ, ಇದೇನಿದು? ಕೆಲಸ ಕೇಳ್ತಿದ್ದೀರೋ ಕ್ಷಮೆ ಕೇಳ್ತಿದ್ದೀರೋ?"

"ಯಾಕೆ, ಎಲ್ಲಾ ನಿಜಾನೇ ಬರ್ದಿದೀನಲ್ಲ."

"ನಿಜವೇ. ಆದ್ರೆ ಬರೀ ಇಲ್ಲ, ಇಲ್ಲ, ಇಲ್ಲ. ಇರೋದು ಎಲ್ಲಿ? ಇದನ್ನ ಓದಿದವರು ಪಾಪ ಅಂತ ಒಂದು ಲೋಟ ನೀರು ಕೊಟ್ಟು ಕಳಿಸ್ತಾರೆ ಅಷ್ಟೇ. ನನ್ನ ಅಂಗಡಿಗೆ ಬರೋ ಕಳ್ಳರೂ ಇಷ್ಟು ಒಪ್ಕೊಳ್ಳಲ್ಲ."

ಇರೋದು ಎಲ್ಲಿ. ಅವಳು ಕಾಗದವನ್ನು ತಿರುಗಿಸಿ ನೋಡಿದಳು, ಹಿಂಬದಿಯಲ್ಲೇನಾದರೂ ಉಳಿದಿದೆಯೇನೋ ಎಂಬಂತೆ. ಡಾಕ್ಟರು ಹೊಸ ರೋಗಿಯ ಬಾಯಿಯೊಳಗೆ ಕನ್ನಡಿ ಹಿಡಿದು ಕೂಗುತ್ತಿದ್ದರು, ಅವಳು ಪಕ್ಕದಲ್ಲಿ ಹಲ್ಲಿನ ಪಟ ಹಿಡಿದು ಗುರುತು ಹಾಕುತ್ತಿದ್ದಳು. ಪಟದಲ್ಲಿ ಮೇಲೊಂದು ಸಾಲು, ಕೆಳಗೊಂದು ಸಾಲು ಖಾಲಿ ಹಲ್ಲುಗಳು; ನಡುವಿನಿಂದ ಹಿಂದಕ್ಕೆ ಒಂದೊಂದು ಕಡೆಗೂ ಒಂದರಿಂದ ಎಂಟು. "ಬಲ ಮೇಲೆ. ಎಂಟು, ಇಲ್ಲ. ಏಳು, ಹುಳುಕು." ಇಲ್ಲವಾದರೆ ಅಡ್ಡಗೆರೆ, ಹುಳುಕಿಗೆ ಕಪ್ಪು ಚುಕ್ಕೆ, ತುಂಬಿಸಿದ್ದಕ್ಕೆ ಸುತ್ತು, ರಕ್ತ ಬರುವ ವಸಡಿಗೆ ಕೆಂಪು. ಚೆನ್ನಾಗಿರುವ ಹಲ್ಲು ಬಂದಾಗ ಡಾಕ್ಟರು ಏನೂ ಹೇಳದೆ ಮುಂದಕ್ಕೆ ಹೋಗುತ್ತಿದ್ದರು, ಅವಳ ಪೆನ್ನೂ ಆ ಹಲ್ಲನ್ನು ದಾಟಿಕೊಂಡು ಹೋಗುತ್ತಿತ್ತು. ಗಟ್ಟಿ ಹಲ್ಲಿಗೆ ಗುರುತಿಲ್ಲ. ಆ ಕ್ಲಿನಿಕ್ಕಿನ ಪದ್ಧತಿಯೇ ಅದು. ಪಟ ಎಷ್ಟು ಖಾಲಿಯೋ ಬಾಯಿ ಅಷ್ಟು ಒಳ್ಳೆಯದು. ಡಾಕ್ಟರು ಖಾಲಿ ಪಟ ನೋಡಿದರೆ ಖುಷಿಯಾಗಿ ರೋಗಿಯ ಭುಜ ತಟ್ಟುತ್ತಿದ್ದರು. ಅವಳಿಗೆ ಈಗ ನಗು ಬಂತು, ಮೊದಲು ಸಣ್ಣಗೆ, ಆಮೇಲೆ ತಡೆಯಲಾಗದಷ್ಟು. ನಾದಿನಿ ಗಾಬರಿಯಾದಳು.

"ಏನಾಯ್ತು ಅತ್ತಿಗೆ?"

"ನಾನು ನನ್ನ ಪಟ ಬರ್ದಿದೀನಿ ಕಣೇ. ಚೆನ್ನಾಗಿರೋದನ್ನ ಖಾಲಿ ಬಿಟ್ಟಿದೀನಿ. ನಮ್ಮ ಡಾಕ್ಟ್ರು ನೋಡಿದ್ರೆ ಪರವಾಗಿಲ್ಲ, ಬಾಯಿ ಚೆನ್ನಾಗಿದೆ ಅಂತಿದ್ರು."

"ನಿಮ್ಮ ಡಾಕ್ಟ್ರಿಗೆ ಗೊತ್ತಾಗುತ್ತೆ. ಹೊಸಬರಿಗೆ ಖಾಲಿ ಅಂದ್ರೆ ಖಾಲೀನೇ," ಎಂದು ನಾದಿನಿ ಅವಳನ್ನು ರಟ್ಟೆ ಹಿಡಿದು ಎಬ್ಬಿಸಿ ಅಂಗಡಿಗೆ ಕರೆದೊಯ್ದಳು.

ಅಂಗಡಿಯಲ್ಲಿ ಬಿಸಿ ಕಾಗದದ ವಾಸನೆ. ಜೆರಾಕ್ಸ್ ಯಂತ್ರದ ಬೆಳಕು ಮುಚ್ಚಳದ ಸಂದಿಯಿಂದ ಹಲ್ಲಿನ ಸಂದಿಯ ದಾರದ ಹಾಗೆ ಹಾದುಹೋಗುತ್ತಿತ್ತು. ನಾದಿನಿ ತನ್ನ ಅಚ್ಚನ್ನು ತೆರೆದು, ಪಟಪಟನೆ ಕುಟ್ಟಿ, ಒಂದು ಪುಟ ಹೊರತೆಗೆದಳು. ಅದರಲ್ಲಿ ಅವಳು ಕಠಿಣ ಪರಿಶ್ರಮಿಯೂ ಉತ್ಸಾಹಿಯೂ ಸವಾಲುಗಳನ್ನು ಪ್ರೀತಿಸುವವಳೂ ಆಗಿದ್ದಳು. ಹಲ್ಲನ್ನು ಬೆಳ್ಳಗೆ ಮಾಡಿ ಎಂದು ಹಟ ಹಿಡಿಯುತ್ತಿದ್ದ ಮದುಮಕ್ಕಳು ನೆನಪಾದರು. ಉಜ್ಜಿದಷ್ಟೂ ಹೊಳೆಯುತ್ತದೆ, ಹೊಳೆದಷ್ಟೂ ಮೇಲಿನ ಪದರ ತೆಳುವಾಗುತ್ತದೆ, ಆಮೇಲೆ ತಣ್ಣೀರು ತಾಗಿದರೂ ಜುಂ ಎನ್ನುತ್ತದೆ. ಅವಳು ಪೆನ್ನು ತೆಗೆದುಕೊಂಡು ಒಂದೊಂದಾಗಿ ಹೊಡೆದುಹಾಕಿದಳು.

"ಅಯ್ಯೋ, ಅದೆಲ್ಲ ಎಲ್ಲರೂ ಹಾಕ್ತಾರೆ ಅತ್ತಿಗೆ!"

"ಎಲ್ಲರೂ ಹಾಕಿದ್ಮೇಲೆ ನನ್ನ ಗುರುತು ಹೇಗೆ ಹಿಡೀತಾರೆ? ವೆಲ್ಡರನ್ನ ಕರ್ದು ಹಲ್ಲು ಕೆರೀ ಅಂತಾರೆ. ನಾನು ಹೇಳ್ತೀನಿ, ನೀನು ಟೈಪ್ ಮಾಡು."

ನಾದಿನಿ ಬಾಯಿ ಮುಚ್ಚಿ ಬೆರಳು ಸಜ್ಜು ಮಾಡಿಕೊಂಡಳು. ಅವಳು ಕಣ್ಣು ಮುಚ್ಚಿದಳು. ಆ ಹೊಸ ಡಾಕ್ಟರು ಯಾರೋ, ಬಾಗಿಲ ಹೊರಗೆ ಜನ ಕಾದು ಕೂತಿದ್ದಾರೆ, ಕೈಯಲ್ಲಿ ಈ ಪುಟ. ಅವರಿಗೇನು ಬೇಕು? ತನ್ನ ಸಂಕಟವಂತೂ ಬೇಡ. ಪಟ ಬರೆಯುವಾಗ ಎದುರಿಗೆ ಕೂತವನ ಬಲಗಡೆಯೇ ಕಾಗದದ ಎಡಗಡೆ. ತನ್ನ ಬಲ, ತನ್ನ ಎಡ ಮರೆಯದಿದ್ದರೆ ಇಲ್ಲದ ಹಲ್ಲಿಗೆ ಮದ್ದು, ಇರುವ ಹಲ್ಲಿಗೆ ಇಕ್ಕಳ. ಮೊದಲ ದಿನವೇ ಕಲಿತ ಪಾಠ. ಕಣ್ಣು ತೆರೆದು ಹೇಳತೊಡಗಿದಳು. ಮೊದಲು ಕೋರ್ಸಿನ ಸರ್ಟಿಫಿಕೇಟು, ಆಮೇಲೆ ಕೆಲಸ ಮಾಡಿದ ಜಾಗ. ಕಿಟ್ಟ ತೆಗೆಯುವುದು ಕೈಯಿಂದಲೂ ಬರುತ್ತದೆ, ಯಂತ್ರದಿಂದಲೂ ಬರುತ್ತದೆ. ವಸಡಿನ ಆಳ ಅಳೆದು ಪಟ ಬರೆಯಬಲ್ಲಳು. ಸಲಕರಣೆಗಳನ್ನು ತೊಳೆದು ಬೇಯಿಸಿ ಒಣಗಿಸುವ ಜವಾಬ್ದಾರಿ ಪೂರ್ತಿ ಇವಳದೇ ಆಗಿತ್ತು. ಇವಳು ಇರುವಷ್ಟು ಕಾಲ ಆ ಕುರ್ಚಿಯಿಂದ ಯಾರಿಗೂ ಸೋಂಕು ಹತ್ತಿಲ್ಲ. ಹೆದರಿದ ಮಕ್ಕಳನ್ನು ಅಪ್ಪ ಅಮ್ಮ ಹಿಡಿದುಕೊಳ್ಳದೆಯೇ ಕೂರಿಸಬಲ್ಲಳು. ಅತ್ತೆಯ ಹಾಸಿಗೆಯ ಪಕ್ಕದಲ್ಲಿ ಕಳೆದ ಕಾಲವನ್ನು ಬಿಡುವು ಎಂದು ಬರೆದದ್ದು ನೆನಪಾಗಿ ನಾಚಿಕೆಯಾಯಿತು. ಯಾವ ಬಿಡುವು? ಏಳಲಾಗದ, ನುಂಗಲಾಗದ, ಸಿಟ್ಟಿಗೆ ಹಲ್ಲು ಕಚ್ಚಿಕೊಂಡು ಮಲಗಿರುತ್ತಿದ್ದ ಆ ಹೆಂಗಸಿನ ಬಾಯಿಯನ್ನು ಕೊನೆಯವರೆಗೆ ಒಂದು ಹುಣ್ಣಾಗದಂತೆ ಕಾದದ್ದು ಬಿಡುವೇ? ಹಾಸಿಗೆ ಹಿಡಿದವರ ಬಾಯಿ ಶುಚಿ ಮಾಡುವ ಅನುಭವ, ಬರಿ ಎಂದಳು.

"ಇನ್ನೇನು?"

"ಬಾಯಿ ತೆರೆದಿರುವಾಗ ರೋಗಿ ಆಡುವ ಮಾತು ಅರ್ಥವಾಗುತ್ತದೆ."

ನಾದಿನಿ ಕೈ ತಡೆದಳು. "ತಮಾಷೆ ಮಾಡ್ಬೇಡಿ."

"ತಮಾಷೆ ಯಾಕೆ? ತುಟಿ ಸೇರಲ್ಲ, ನಾಲಿಗೆ ಏಳಲ್ಲ, ಬರೀ ಆ, ಈ, ಊ. ಅದರಲ್ಲೇ ಮಗಳ ಮದುವೆ ವಿಷಯ ಹೇಳ್ತಾರೆ. ನಾನು ಉತ್ತರ ಕೊಡ್ತಿರ್ಲಿಲ್ವಾ? ನೋವು ಅಂದ್ರೆ ನಿಲ್ಲಿಸ್ಬೇಕು, ಅದು ಅರ್ಥ ಆಗದವಳು ಇನ್ನೊಬ್ಬರ ಬಾಯಿಗೆ ಕೈ ಹಾಕ್ಬಾರ್ದು. ಟೈಪ್ ಮಾಡು."

ಪುಟ ತುಂಬುತ್ತ ಬಂತು. ನೋಡಲು ಚೆನ್ನಾಗಿತ್ತು, ಸಾಲಿಗೆ ಸಾಲು ಕೂತಿತ್ತು. ಕೊನೆಯಲ್ಲಿ ಅಚ್ಚಿನಲ್ಲಿಯೇ ಇದ್ದ ಒಂದು ಜಾಗ ಖಾಲಿ ಉಳಿದಿತ್ತು: ಹಿಂದಿನ ಕೆಲಸ ಬಿಟ್ಟ ಕಾರಣ. "ಕ್ಲಿನಿಕ್ ಮುಚ್ಚಿತು ಅಂತ ಹಾಕ್ಲಾ?" ಎಂದಳು ನಾದಿನಿ. ಅವಳು ಕಿಟಕಿಯ ಕಡೆ ತಿರುಗಿದಳು. ಕಿಟಕಿಯಾಚೆ ಯಾರೋ ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಡುತ್ತಿದ್ದರು. ಕ್ಲಿನಿಕ್ ತಾನಾಗಿಯೇ ಮುಚ್ಚಿಕೊಳ್ಳಲಿಲ್ಲ. ಅದು ಮುಚ್ಚಿದ ತಿಂಗಳ ಒಂದು ಮಧ್ಯಾಹ್ನ ಕುರ್ಚಿಯಲ್ಲಿದ್ದವನು ಒಬ್ಬ ಬಡಗಿ, ಕೈಯೆಲ್ಲ ಮರದ ಹೊಟ್ಟು. ಡಾಕ್ಟರು ದವಡೆ ಹಲ್ಲು ಕೊರೆಯುತ್ತಿದ್ದರು, ಅವಳು ಕೆನ್ನೆ ಅಗಲಿಸಿ ಹಿಡಿದು ಎಂಜಲು ಎಳೆಯುವ ಕೊಳವೆ ಇಟ್ಟುಕೊಂಡಿದ್ದಳು. ಬಾಯಿಕನ್ನಡಿಯಲ್ಲಿ ಕೊರೆಯುವ ಸೂಜಿಯ ನೆರಳು ಪಕ್ಕದ ಹಲ್ಲಿನ ಮೇಲೆ ಬಿದ್ದಿತ್ತು. ನೆರಳು ನಡುಗಿತು. ಅವಳು ಮೊದಲು ಕಂಡದ್ದು ಅದನ್ನೇ, ಕೈಯನ್ನಲ್ಲ. ಸೂಜಿ ಜಾರಿ ತುಟಿಯ ಅಂಚು ಕೆತ್ತಿತು, ಒಂದು ಹನಿ ರಕ್ತ. "ಅಲ್ಲಾಡಿಬಿಟ್ರಲ್ಲ," ಎಂದರು ಡಾಕ್ಟರು. ಬಡಗಿ ಅಲ್ಲಾಡಿರಲಿಲ್ಲ. ಬಾಯಿ ತುಂಬ ಹತ್ತಿ, ಹೇಗೆ ಹೇಳುತ್ತಾನೆ? ಅವನು ಅವಳ ಕಡೆ ಕಣ್ಣು ತಿರುಗಿಸಿ ನೋಡಿದ. ಬರೀ ನೋಡಿದ. ಅವಳು ಹತ್ತಿ ಒತ್ತಿ ರಕ್ತ ಒರೆಸಿದಳು, ಆ ಹೊತ್ತಿಗೆ ಅಷ್ಟೇ. ಎಲ್ಲರ ಮಾತು ಅರ್ಥವಾಗುವ ಹಲ್ಲಕ್ಕನಿಗೆ ಆ ನೋಟ ಅರ್ಥವಾಗದ ಹಾಗೆ ಆಯಿತು. ರೋಗಿಗಳೆಲ್ಲ ಹೋದ ಮೇಲೆ ಸಿಂಕಿನ ಮುಂದೆ ನಿಂತು ಸಲಕರಣೆ ತೊಳೆಯುತ್ತ, ನೀರಿನ ಸದ್ದು ನಿಲ್ಲಿಸದೆಯೇ ಹೇಳಿದಳು: "ಸರ್, ಅವರು ಅಲ್ಲಾಡಲಿಲ್ಲ." ಡಾಕ್ಟರು ಕೋಟು ಬಿಚ್ಚುತ್ತಿದ್ದರು. ಒಂದು ತೋಳು ಒಳಗೆ, ಒಂದು ತೋಳು ಹೊರಗೆ. ಹಾಗೇ ನಿಂತರು. ಆ ತಿಂಗಳು ಮುಗಿಯುವುದರೊಳಗೆ ಬೋರ್ಡು ಇಳಿಸಿದರು. ಅವಳು ಹೇಳದಿದ್ದರೆ ಇನ್ನಷ್ಟು ಕಾಲ ನಡೆಯುತ್ತಿತ್ತು ಎಂದು ಡಾಕ್ಟರ ಹೆಂಡತಿ ಯಾರೊಂದಿಗೋ ಹೇಳಿದ್ದು ಇವಳ ಕಿವಿಗೂ ಬಿದ್ದಿತ್ತು. ಅಂದಿನಿಂದ ಅವಳು ಆ ಮನೆಯ ಬೀದಿ ತುಳಿದಿರಲಿಲ್ಲ.

"ಡಾಕ್ಟರ ಕೈ ನಡುಗತೊಡಗಿದ್ದರಿಂದ ಕ್ಲಿನಿಕ್ ಮುಚ್ಚಿತು. ಅವರಿಗೆ ಅದನ್ನು ಮೊದಲು ಹೇಳಿದವಳು ನಾನು," ಎಂದಳು ಅವಳು. "ಹೀಗೆ ಬರಿ."

ನಾದಿನಿ ಕುರ್ಚಿಯನ್ನೇ ತಿರುಗಿಸಿದಳು. "ಅತ್ತಿಗೆ, ತಲೆ ನೆಟ್ಟಗಿದೆಯಾ? ಧಣಿಗಳ ಅಂಗಡಿ ಮುಚ್ಚಿಸಿದೋಳು ಅಂತ ನೀವೇ ಹಣೆ ಮೇಲೆ ಬರ್ಕೊಂಡು ಹೋಗ್ತೀರಾ? ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ನೆ ಹೇಳಿಲ್ಲ."

"ಬಾಯಿ ಬಿಡಿಸೋದೇ ನನ್ನ ಕೆಲಸ. ನಾನೇ ಬಾಯಿ ಮುಚ್ಕೊಂಡು ಹೋದ್ರೆ ಹೇಗೆ?" ಎಂದು ಹೇಳಿದಳಾದರೂ ಒಳಗೆ ಅಳುಕಿತ್ತು. ಹಣೆಯ ಮೇಲಿನ ಬರಹದ ಬಗ್ಗೆ ಅಲ್ಲ. ಇನ್ನೊಬ್ಬರ ಕಾಯಿಲೆ ಅದು. ಅವರನ್ನು ಕೇಳದೆ ತನ್ನ ಪುಟದಲ್ಲಿ ಅದನ್ನು ಹೇಗೆ ಇಡುವುದು? "ಆ ಜಾಗ ಸದ್ಯ ಖಾಲಿ ಬಿಡು," ಎಂದು ಪುಟವನ್ನು ಮಡಿಸದೆ ಒಂದು ರಟ್ಟಿನ ನಡುವೆ ಇಟ್ಟುಕೊಂಡು ಹೊರಟಳು.

ಡಾಕ್ಟರ ಮನೆಯ ಬಾಗಿಲು ತೆರೆದದ್ದು ಅವರ ಹೆಂಡತಿ. ಬಾಗಿಲಿಗೆ ಅಡ್ಡವಾಗಿಯೇ ನಿಂತರು. "ಏನು? ಹೇಳೋದು ಇನ್ನೂ ಏನಾದ್ರೂ ಉಳಿದಿತ್ತಾ?" ಎಂದರು. ಅವಳು ಮೆಟ್ಟಿಲಿನ ಮೇಲೆ, ಅವರು ಹೊಸ್ತಿಲಿನ ಮೇಲೆ. ಮಾತು ಮೇಲಿನಿಂದ ಬಿದ್ದಂತೆ ಬಿತ್ತು. ರಟ್ಟನ್ನು ಎದೆಗೆ ಒತ್ತಿಕೊಂಡು ಅವಳು ಅವರ ಮುಖ ನೋಡಿದಳು. ಬಲಗೆನ್ನೆ ಸ್ವಲ್ಪ ಊದಿದಂತಿತ್ತು. "ಕೇಳೋದು ಉಳಿದಿತ್ತು, ಅಮ್ಮ," ಎಂದಳು. ಒಳಗಿನಿಂದ ಡಾಕ್ಟರ ದನಿ, "ಯಾರು, ಹಲ್ಲಕ್ಕನಾ? ಬಾ ಬಾ, ಬಾಗಿಲಲ್ಲಿ ನಿಂತ್ರೆ ಚಿಕಿತ್ಸೆ ಆಗಲ್ಲ."

ಅವರು ಹಿಂದಿನ ಜಗುಲಿಯಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದರು. ಕೈಯಲ್ಲಿದ್ದ ನೀರಿನ ಕ್ಯಾನು ಕುಣಿಯುತ್ತಿತ್ತು. ಅವಳು ನೋಡದಂತೆ ನೋಡಿದಳು. "ನೋಡು ನೋಡು, ಸರಿಯಾಗೇ ನೋಡು," ಎಂದರು ಡಾಕ್ಟರು. "ನಡುಗೋ ಕೈಗೆ ಹೇಳಿ ಮಾಡ್ಸಿದ ಕೆಲಸ. ಜಲ್ಲಡಿ ಹಿಡಿದ ಹಾಗೆ ಎಲ್ಲಾ ಗಿಡಕ್ಕೂ ಸಮ ಬೀಳುತ್ತೆ." ಅವಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ, ಅವರು ನಕ್ಕ ಮೇಲೆ ನಕ್ಕಳು. ಪುಟವನ್ನು ಅವರ ಕೈಗೆ ಕೊಟ್ಟಾಗ ಅದು ಗಾಳಿಗೆ ಸಿಕ್ಕಿದ ಹಾಗೆ ಪಟಪಟ ಎಂದಿತು. ಅವರು ಅದನ್ನು ಮೇಜಿನ ಮೇಲೆ ಇಟ್ಟರು. ಅವಳು ಕೇಳದೆಯೇ ಮೂಲೆಗಳನ್ನು ಎರಡು ಬೆರಳಿನಿಂದ ಒತ್ತಿ ಹಿಡಿದಳು, ಕೆನ್ನೆ ಅಗಲಿಸಿ ಹಿಡಿಯುತ್ತಿದ್ದ ಹಾಗೆ. ಅವರು ಕನ್ನಡಕ ಏರಿಸಿ ಓದಿದರು. ಎಷ್ಟೋ ಕಾಲದ ಮೇಲೆ ಅವರಿಬ್ಬರ ತಲೆಗಳು ಮತ್ತೆ ಒಂದೇ ಕೆಲಸದ ಮೇಲೆ ಬಾಗಿದ್ದವು.

"ಈ ಉತ್ಸಾಹಿ ಯಾರು?"

"ಒಂದು ಉಳ್ಕೊಂಡುಬಿಟ್ಟಿದೆ ಸರ್. ನಾದಿನಿ ಹಾಕಿದ್ದು."

"ತೆಗಿ. ಬಾಯಿ ತೆರೆದಾಗ ಮಾತು ಅರ್ಥ ಆಗುತ್ತೆ ಅನ್ನೋದು ಇರ್ಲಿ, ಅದು ನಿಜ. ನನಗೇ ಅರ್ಥ ಆಗ್ತಿರ್ಲಿಲ್ಲ, ನಿನ್ನ ಮುಖ ನೋಡಿ ತಿಳ್ಕೊಳ್ತಿದ್ದೆ." ಬೆರಳು ನಡುಗುತ್ತ ಕೆಳಗಿಳಿದು ಖಾಲಿ ಜಾಗದ ಮೇಲೆ ನಿಂತಿತು. "ಬಿಟ್ಟ ಕಾರಣ?"

ಅವಳು ಹೇಳಿದಳು, ಬರೆಯಬೇಕೆಂದಿರುವ ಎರಡು ವಾಕ್ಯಗಳನ್ನು. ಹೇಳುವಾಗ ಅವರ ಹೆಂಡತಿ ಬಾಗಿಲಿನ ಬಳಿ ಬಂದು ನಿಂತದ್ದು ಬೆನ್ನಿಗೇ ಗೊತ್ತಾಯಿತು. "ಊರಿಗೆಲ್ಲ ಡಂಗುರ ಸಾರ್ಬೇಕಾ?" ಎಂದರು ಅವರು. ಡಾಕ್ಟರು ಕುಂಡದ ಬುಡದಿಂದ ನೀರು ಹೊರಬಂದು ಕಲ್ಲಿನ ಮೇಲೆ ಹರಿಯುತ್ತಿದ್ದುದನ್ನು ನೋಡುತ್ತ ಕೂತರು. ಅವಳು ತಾನೇ ಮಾತು ತೆಗೆದಳು. "ಬೇಡ ಅಂದ್ರೆ ಬರೆಯಲ್ಲ ಸರ್. ಆದ್ರೆ ಅವತ್ತು ನಾನು ಹೇಳಿದ್ದು ಸರೀನೋ ತಪ್ಪೋ ಅಂತ ಇನ್ನೂ ಯೋಚ್ನೆ ಬರ್ತಿರುತ್ತೆ."

"ನನಗೆ ಬರಲ್ಲ," ಎಂದರು ಡಾಕ್ಟರು. "ಆ ಮನುಷ್ಯ ಅಲ್ಲಾಡಲಿಲ್ಲ ಅಂತ ನನಗೂ ಗೊತ್ತಿತ್ತು ಕಣಮ್ಮ. ಗೊತ್ತಿದ್ದೇ ಹಾಗಂದೆ. ಅದಕ್ಕೂ ಹಿಂದೆ ಎಷ್ಟು ಜನಕ್ಕೆ ಹಾಗೇ ಅಂದಿದ್ನೋ." ಹೆಂಡತಿಯ ಕಡೆ ತಿರುಗಿದರು. "ಇವಳು ಹೇಳದೆ ಇದ್ದಿದ್ರೆ ಇನ್ನೂ ನಡೀತಿತ್ತು ಅಂತೀಯಲ್ಲ, ನಡೀತಿತ್ತು. ಯಾರದ್ದಾದ್ರೂ ನಾಲಿಗೆ ಕತ್ತರಿಸೋವರೆಗೂ." ಆಮೇಲೆ ಇವಳಿಗೆ, "ಬರಿ. ನನ್ನ ನಂಬರೂ ಹಾಕು. ಕೈ ನಡುಗುತ್ತೆ, ನಾಲಿಗೆ ನಡುಗಲ್ಲ. ಯಾರಾದ್ರೂ ಕೇಳಿದ್ರೆ ಹೇಳ್ತೀನಿ." ಪೆನ್ನು ಅವರೇ ಕೊಟ್ಟರು. ಅವಳು ಅಲ್ಲೇ, ಅವರೆದುರೇ, ಟೈಪು ಮಾಡಿದ ಅಕ್ಷರಗಳ ಕೆಳಗೆ ತನ್ನ ಕೈಯಿಂದ ಆ ಎರಡು ವಾಕ್ಯ ಬರೆದಳು, ಉತ್ಸಾಹಿಯನ್ನು ಹೊಡೆದುಹಾಕಿದಳು, ನಂಬರು ಬರೆದಳು. ಅಕ್ಷರಗಳು ನೇರವಾಗಿ ನಿಂತವು. ಅವು ಅಷ್ಟು ನೇರವಾಗಿದ್ದುದಕ್ಕೆ ಒಂದು ಕ್ಷಣ ನಾಚಿಕೆಯಾಯಿತು, ಕುಂಟನ ಮುಂದೆ ಓಡಿದ ಹಾಗೆ. ಡಾಕ್ಟರು ಅಕ್ಷರಗಳನ್ನೇ ನೋಡುತ್ತಿದ್ದರು. "ಸೋಮವಾರ ಬಾ ಅಂದಿದ್ದು ಸುಳ್ಳಾಗಲಿಲ್ಲ," ಎಂದರು, ತಮ್ಮಷ್ಟಕ್ಕೆ ಎಂಬಂತೆ.

ಬಾಗಿಲವರೆಗೆ ಬಂದ ಹೆಂಡತಿ ಚಿಲಕದ ಮೇಲೆ ಕೈಯಿಟ್ಟು ನಿಂತರು.  ಕೊನೆಗೆ, "ಬಲಗಡೆ ಕೆಳಗೆ ಜುಂ ಅಂತಿದೆ. ಇವರನ್ನ ಕೇಳೋಕೆ ಆಗಲ್ಲ, ನೋಡ್ತೀನಿ ಅಂತಾರೆ ಆಮೇಲೆ ಕೈ ನೋಡ್ಕೊಂಡು ಕೂರ್ತಾರೆ. ಹೊಸ ಆಸ್ಪತ್ರೆಗೆ ನೀನು ಸೇರಿದ್ರೆ ಹೇಳು," ಎಂದರು.

"ಸೇರ್ತೀನಿ ಅಮ್ಮ. ಅಲ್ಲೀವರೆಗೆ ಉಪ್ಪುನೀರು ಮುಕ್ಕಳಿಸಿ. ಎಡಗಡೆ ಅಗಿಯಿರಿ," ಎಂದಳು ಅವಳು. 'ಸೇರಿದರೆ' ಎನ್ನಲಿಲ್ಲ ಎಂಬುದು ಬೀದಿಯ ತಿರುವಿಗೆ ಬಂದಾಗ ಗಮನಕ್ಕೆ ಬಂತು. ಮೆಟ್ಟಿಲು ಇಳಿದದ್ದೂ ನೆನಪಿರಲಿಲ್ಲ.

ಗಾಜಿನ ಬಾಗಿಲಿನ ಒಳಗೆ ತಣ್ಣಗಿತ್ತು. ಲವಂಗದೆಣ್ಣೆಯ ವಾಸನೆ ಮಾತ್ರ ಹಳೆಯದೇ. ಆ ವಾಸನೆ ಮೂಗಿಗೆ ಬಿದ್ದೊಡನೆ ಅವಳ ಹೆಗಲು ಸಡಿಲವಾಯಿತು. ಮೇಜಿನ ಹಿಂದೆ ಕೂತಿದ್ದವಳು ಫೋನಿನ ಹೆಂಗಸೇ ಇರಬೇಕು, ಏನೋ ಅಗಿಯುತ್ತಿದ್ದಳು, ಎಡಗಡೆಯಲ್ಲಿ ಮಾತ್ರ. ಪುಟ ತೆಗೆದುಕೊಂಡು, ಕೈಬರಹ ನೋಡಿ ಮೂಗು ಮುರಿದು, "ಅರ್ಧ ಟೈಪು ಅರ್ಧ ಕೈಯಾ?" ಎಂದು ಒಳಗೆ ಹೋದಳು. ಇಟ್ಟು ಹೋಗಿ ಎನ್ನುತ್ತಾರೆ ಎಂದು ಇವಳು ನಿಂತೇ ಇದ್ದಳು. ಒಳಗಿನಿಂದ ಕರೆ ಬಂತು.

ಹೊಸ ಡಾಕ್ಟರು ಇವಳ ಅರ್ಧ ವಯಸ್ಸಿನ ಹೆಂಗಸು, ಗಿಡ್ಡ ಕೂದಲು, ದಣಿದ ಕಣ್ಣು. ಪುಟವನ್ನು ಮೇಲಿನಿಂದ ಕೆಳಗೆ ಓದಿ, ಕೆಳಗಿನ ಎರಡು ವಾಕ್ಯಗಳ ಹತ್ತಿರ ನಿಂತು, ಮತ್ತೆ ಓದಿದರು. ಆಮೇಲೆ ತಲೆಯೆತ್ತಿದರು. "ಇದನ್ನ ಯಾಕೆ ಬರೆದ್ರಿ? ಬರೀದೆ ಇದ್ರೆ ನನಗೆ ಗೊತ್ತೂ ಆಗ್ತಿರ್ಲಿಲ್ಲ."

"ನನ್ನ ಹತ್ರ ಇರೋದ್ರಲ್ಲಿ ಗಟ್ಟಿಯಾದ್ದು ಅದೇ ಮೇಡಂ. ಖಾಲಿ ಬಿಡೋಕೆ ಮನಸ್ಸು ಬರ್ಲಿಲ್ಲ."

"ನನಗೂ ಹೀಗೇ ಹೇಳ್ತೀರಾ?"

"ಹೇಳ್ತೀನಿ."

"ಎಲ್ಲರ ಮುಂದೆ?"

"ಇಲ್ಲ. ಸಲಕರಣೆ ತೊಳೆಯೋ ಹೊತ್ತಲ್ಲಿ, ಯಾರೂ ಇಲ್ಲದಾಗ."

ಡಾಕ್ಟರು ಪುಟವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡರು. ಹೊರಗೆ ಬಸ್ಸೊಂದು ಹಾರನ್ನು ಹಾಕಿ ಹೊರಟಿತು.  ಡಾಕ್ಟರು ಎದ್ದು ಹೋಗಿ, ರೋಗಿಗಳ ಉದ್ದನೆಯ ಕುರ್ಚಿಯಲ್ಲಿ ತಾವೇ ಮಲಗಿದರು. "ಕಾಗದ ಚೆನ್ನಾಗಿದೆ. ಕೈ ನೋಡ್ಬೇಕು. ಎಲ್ಲರ ಬಾಯಿ ನೋಡೋದೇ ಆಯ್ತು, ನನ್ನದು ನೋಡಿದೋರಿಲ್ಲ. ಪಟ ಬರೆಸಿ," ಎಂದು ಫೋನಿನ ಹೆಂಗಸನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದರು.

ಅವಳು ಕೈ ತೊಳೆದಳು. ನಿಧಾನವಾಗಿ, ಬೆರಳಿನ ಸಂದಿ ಸಂದಿಯೂ. ಕೈಗವಸು ಹಾಕಿದಳು, ದೀಪ ಎಳೆದುಕೊಂಡಳು. "ನೋವಾದ್ರೆ ಎಡಗೈ ಎತ್ತಿ," ಎಂದಳು. ತಿಂಗಳುಗಟ್ಟಲೆ ಆಡದ ಆ ಮಾತು ಬಾಯಿಯಲ್ಲಿ ಸಿಹಿಯಾಗಿತ್ತು. ಡಾಕ್ಟರು ಬಾಯಿ ತೆರೆದರು. ಬಾಯಿಕನ್ನಡಿ ಒಳಗೆ ಹೋಯಿತು. ಕನ್ನಡಿಯಲ್ಲಿ ದೀಪದ ಬೆಳಕು ಅಲುಗದೆ ನಿಂತಿತು.

"ಬಲ ಮೇಲೆ. ಎಂಟು, ಗಟ್ಟಿ. ಏಳು, ಗಟ್ಟಿ."

ಕಂಪ್ಯೂಟರಿನ ಮುಂದಿದ್ದವಳು ತಿರುಗಿದಳು. "ಏನಂತ ಒತ್ಲಿ? ಗಟ್ಟಿಗೆ ಇದರಲ್ಲಿ ಗುಂಡಿ ಇಲ್ಲ."

"ಗುಂಡಿ ಇಲ್ದಿದ್ರೆ ಕೇಳಿಸ್ಕೊಳ್ಳಿ, ಅಷ್ಟೇ ಸಾಕು. ಆರು, ಗಟ್ಟಿ." ಕೊಕ್ಕೆ ಅದರ ಪಕ್ಕದ ಹಲ್ಲಿನ ಸಂದಿಗೆ ಹೋಗಿ ತಡೆಯಿತು. ಅವಳ ಬೆರಳಿಗೆ ತಿಳಿದದ್ದು ಕಣ್ಣಿಗೆ ಆಮೇಲೆ ಕಂಡಿತು: ಮೆತ್ತಗಿನ ಒಂದು ಚುಕ್ಕೆ. ಡಾಕ್ಟರ ಕಣ್ಣು ಅವಳ ಮುಖಕ್ಕೆ ತಿರುಗಿತು. ಬಾಯಿ ತುಂಬ ಸಲಕರಣೆ ಇರುವ ಮನುಷ್ಯರೆಲ್ಲ ನೋಡುವ ನೋಟ ಅದು. ಬಡಗಿಯದೂ ಅದೇ ಆಗಿತ್ತು. ಈ ಸಲ ಅವಳು ಹತ್ತಿಗೆ ಕೈ ಹಾಕಲಿಲ್ಲ. "ಐದು, ಹುಳುಕು," ಎಂದಳು, ಅದೇ ದನಿಯಲ್ಲಿ. "ಚಿಕ್ಕದು ಮೇಡಂ. ಈಗಲೇ ತುಂಬಿಸಿದ್ರೆ ಹಲ್ಲು ಉಳಿಯುತ್ತೆ. ಬಹಳ ದಿನದಿಂದ ಮುಂದಕ್ಕೆ ಹಾಕ್ತಿದ್ದೀರಿ ಅನ್ಸುತ್ತೆ."

ಎಡಗೈ ಮೇಲೆದ್ದಿತು. ಅವಳು ತಟ್ಟನೆ ನಿಲ್ಲಿಸಿದಳು. ನೋವಿನ ಕೈ ಹಾಗೆ ಏಳುವುದಿಲ್ಲ. ಇದು ಮಾತಾಡುವ ಕೈ. ತೆರೆದ ಬಾಯಿಯ ಆಳದಿಂದ, ತುಟಿ ಸೇರದೆ, ನಾಲಿಗೆ ಏಳದೆ, "ಆ-ಎ-ಇಂ-ಆ-ಆ?" ಎಂದರು ಡಾಕ್ಟರು.

"ಏನಂದ್ರು?" ಎಂದಳು ಕಂಪ್ಯೂಟರಿನ ಮುಂದಿದ್ದವಳು, ಅಗಿಯುವುದನ್ನು ನಿಲ್ಲಿಸಿ.

"ನಾಳೆಯಿಂದಾನಾ ಅಂತ ಕೇಳಿದ್ರು," ಎಂದು ಅವಳು ಹೇಳಿದಳು. ಕನ್ನಡಿಯನ್ನು ಸ್ವಲ್ಪ ಓರೆ ಮಾಡಿ ಮುಂದಿನ ಹಲ್ಲಿನ ಮೇಲೆ ಬೆಳಕು ಬೀಳಿಸಿದಳು. "ಬರ್ತೀನಿ ಮೇಡಂ. ಈಗ ಅಲ್ಲಾಡಬೇಡಿ. ನಾಲ್ಕು, ಗಟ್ಟಿ."